ಕ್ಯಾಮೆರಾ ಇತ್ತು, ಚಿತ್ರ ಇರಲಿಲ್ಲ



ಡೊಂಬಿವಲಿಯ ಸೊಸೈಟಿ ಗೇಟು, ಥಾಣೆಯ ಉಡುಪಿ ಹೋಟೆಲಿನ ಗಲ್ಲಾ, ವಾಶಿಯ ಅಂಗಡಿ ಸಾಲು - ಎಲ್ಲಿ ತಲೆಯೆತ್ತಿದರೂ ಒಂದು ಕ್ಯಾಮೆರಾ ಕಾಣುತ್ತದೆ. ಆದರೆ ಪಾರ್ಕಿಂಗಿನಿಂದ ಬೈಕ್ ಮಾಯವಾದ ದಿನ ನೀವು ಕೇಳುವ ಮಾತೇನು? "ಕ್ಯಾಮೆರಾ ಇತ್ತು, ರೆಕಾರ್ಡಿಂಗ್ ಆಗಿರಲಿಲ್ಲ." ಹೀಗೇಕೆ ಆಗುತ್ತದೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ, ಬನ್ನಿ.

1942. ಎರಡನೇ ಮಹಾಯುದ್ಧದ ಕಾಲ. ಜರ್ಮನಿಯ ಪೀನೆಮ್ಯೂಂಡೆಯಲ್ಲಿ ವಿ-2 ರಾಕೆಟ್ ಹಾರುವುದನ್ನು ಸುರಕ್ಷಿತ ದೂರದಿಂದ ನೋಡಲು ಕ್ಯಾಮೆರಾ ನಿಲ್ಲಿಸಿದರು. ಅದಕ್ಕೆ ರೆಕಾರ್ಡಿಂಗ್ ಇರಲಿಲ್ಲ. ಪರದೆಯ ಮುಂದೆ ಮನುಷ್ಯ ಕುಳಿತಿರಲೇಬೇಕಿತ್ತು. ಚಿತ್ರ ಹೋದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಈ ಮಾತು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಮುಂದಿನ ತಿರುವು ನಮ್ಮ ಪ್ರೀತಿಯ ಕಾಫಿಯಿಂದ! 1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು, ಪಾತ್ರೆಯಲ್ಲಿ ಕಾಫಿ ಉಳಿದಿದೆಯೇ ಎಂದು ಕುಳಿತಲ್ಲೇ ನೋಡಲು ಅದರ ಮುಂದೆ ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ಇಂಟರ್‌ನೆಟ್ಟಿಗೂ ಬಂತು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ, ನೇರವಾಗಿ ನೆಟ್‌ವರ್ಕಿಗೆ ಜೋಡಿಸುವ ಕ್ಯಾಮೆರಾವನ್ನೇ ಮಾರುಕಟ್ಟೆಗೆ ತಂದಿತು. ಪೂರ್ಣ ಗಾತ್ರದ ಒಂದು ಚಿತ್ರಕ್ಕೆ 17 ಸೆಕೆಂಡು! ಅಷ್ಟರಲ್ಲಿ ಕಳ್ಳ ಎರಡು ಮಹಡಿ ಇಳಿದಿರುತ್ತಿದ್ದ.

ಆಗೆಲ್ಲ ಚಿತ್ರಕ್ಕೊಂದು ಕೇಬಲ್, ಕರೆಂಟಿಗೊಂದು ವೈರು. 2003ರಲ್ಲಿ ಬಂದ ಪಿಒಇ ಮಾನದಂಡ ಎರಡನ್ನೂ ಒಂದೇ ಕೇಬಲಿಗೆ ತಂದಿತು: ಸ್ವಿಚ್ಚಿನಿಂದ 15.4 ವಾಟ್, 100 ಮೀಟರ್ ದೂರದವರೆಗೆ. 2009ರಲ್ಲಿ ಅದು 30 ವಾಟ್ ಆಯಿತು. 2005ರ ಆಸುಪಾಸಿನ ಲೋಡ್‌ಶೆಡ್ಡಿಂಗ್ ಕಂಡ ಕಲ್ಯಾಣ್-ಡೊಂಬಿವಲಿಯವರಿಗೆ ಇದರ ಬೆಲೆ ಗೊತ್ತು. ಸ್ವಿಚ್ಚಿಗೂ ರೆಕಾರ್ಡರಿಗೂ ಒಂದು ಯುಪಿಎಸ್ ಕೊಟ್ಟರೆ ಕರೆಂಟು ಹೋದಾಗಲೂ ಎಲ್ಲ ಕ್ಯಾಮೆರಾಗಳು ಎಚ್ಚರವಿರುತ್ತವೆ. 2020ರ ಅಕ್ಟೋಬರ್ 12ರಂದು ಮುಂಬಯಿ, ಥಾಣೆ, ನವಿ ಮುಂಬಯಿ ಒಟ್ಟಿಗೇ ಕರೆಂಟು ಕಳೆದುಕೊಂಡ ದಿನ ಮರೆತಿಲ್ಲ ತಾನೇ?

ಹಗಲೆಲ್ಲ ಸರಿಯಿದ್ದು ರಾತ್ರಿ ಮಾತ್ರ ಕ್ಯಾಮೆರಾ ಕೈಕೊಡುತ್ತದೆಯೇ? ಕತ್ತಲಲ್ಲಿ ಅದರ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಹೆಚ್ಚು ವಿದ್ಯುತ್ ಬೇಕು. ತಾಮ್ರದ ಬದಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಎಳೆದಿದ್ದರೆ ಅಷ್ಟು ದೂರ ತಲುಪದೆ ಹೋಗಬಹುದು. ಮಳೆಗಾಲದಲ್ಲಿ ಕನೆಕ್ಟರಿನೊಳಗೆ ನೀರಿಳಿದು ಹಸಿರು ಕಿಲುಬು ಹಿಡಿಯುವುದು ಇನ್ನೊಂದು ಕಾಟ. ಕ್ಯಾಮೆರಾ ಬದಲಿಸುವ ಮುನ್ನ ಕೇಬಲ್ ಬದಲಿಸಿ ನೋಡಿ. ಹೊಸ ಕ್ಯಾಮೆರಾ ಹಾಕಿದ ಮೇಲೆ ಹಳೆಯದು ಕಾಣದಾದರೆ, ಎರಡಕ್ಕೂ ಒಂದೇ ಐಪಿ ವಿಳಾಸ ಸಿಕ್ಕಿದೆಯೇ ನೋಡಿ.

ಇನ್ನು ಪಾಸ್‌ವರ್ಡ್. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ, ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರುಗಳನ್ನು ಹುಡುಕಿ ವಶಮಾಡಿಕೊಂಡಿತು. ಅದರ ಬಳಿ ಇದ್ದದ್ದು ಸುಮಾರು 60 ಮಾಮೂಲಿ ಪಾಸ್‌ವರ್ಡುಗಳ ಪಟ್ಟಿ, ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಇಂಥ ಉಪಕರಣಗಳ ಸೈನ್ಯ ನುಗ್ಗಿ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ತಡವರಿಸಿದವು. ಮನೆ ಕಾಯಲು ಇಟ್ಟವನೇ ಕಳ್ಳರ ಗುಂಪು ಸೇರಿದಂತೆ!

2008ರ ನವೆಂಬರ್ 26ರ ದಾಳಿಯ ನಂತರ ಮುಂಬಯಿಗೆ ಕ್ಯಾಮೆರಾ ಜಾಲ ಬೇಕೆಂಬ ಕೂಗು ಬಲವಾಯಿತು. ಅದು ಪೂರ್ಣವಾದದ್ದು 2016ರಲ್ಲಿ. ಠಾಣೆಗಳ ಕ್ಯಾಮೆರಾ ಚಿತ್ರಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿತು. ನಿಮ್ಮ ಸೊಸೈಟಿಯ ಡಿಸ್ಕಿನಲ್ಲಿ ಎಷ್ಟು ದಿನದ್ದು ಉಳಿಯುತ್ತದೆ, ಕೇಳಿದ್ದೀರಾ? ಅದರ ಗಡಿಯಾರ ಸರಿಯಿದೆಯೇ? ಅರ್ಧ ಗಂಟೆ ಹಿಂದಿದ್ದರೆ ಸಾಕ್ಷಿಯ ಬಲ ಅಲ್ಲೇ ಕುಗ್ಗುತ್ತದೆ.

ಈಗ ಆರಂಭದ ಮಾತಿಗೆ ಬರೋಣ. 1942ರ ಕ್ಯಾಮೆರಾದ ಮುಂದೆ ಮನುಷ್ಯನಿದ್ದ. ನಮ್ಮ ಕ್ಯಾಮೆರಾದ ಮುಂದೆ ಯಾರೂ ಇಲ್ಲ. ಅದು ಕೆಟ್ಟದ್ದು ತಿಳಿಯುವುದು ಬೇಕಾದ ದಿನವೇ. ತಿಂಗಳಿಗೊಂದು ಭಾನುವಾರ, ಕಾಫಿ ಕುಡಿಯುತ್ತಾ ಹತ್ತು ನಿಮಿಷ ಹಿಂದಿನ ವಾರದ ಯಾವುದಾದರೂ ರಾತ್ರಿಯ ಚಿತ್ರ ತೆಗೆದು ನೋಡಿ. ಕಂಡರೆ ನಿಶ್ಚಿಂತೆ. ಕಾಣದಿದ್ದರೆ, ಬೈಕ್ ಇನ್ನೂ ಪಾರ್ಕಿಂಗಿನಲ್ಲಿರುವಾಗಲೇ ಗೊತ್ತಾಯಿತಲ್ಲ!