ಪೊಲೀಸ್ ಕಾರ್ಯಾಚರಣೆಯಲ್ಲಿ ಮಾಹಿತಿ ನಿರ್ವಹಣೆ (1948)

ಯುದ್ಧಕಾಲದಲ್ಲಿ ಯಾವ ಸುದ್ದಿಯನ್ನು ಯಾರಿಗೆ, ಯಾವಾಗ, ಯಾವ ಹೆಸರಿನಲ್ಲಿ ತಿಳಿಸಬೇಕು, ಯಾವುದನ್ನು ಗುಟ್ಟಾಗಿಡಬೇಕು ಎಂಬುದನ್ನು ಸೇನೆ ಮತ್ತು ಸರಕಾರ ಕೂಡಿ ನಿರ್ಧರಿಸುವ ವ್ಯವಸ್ಥೆಯೇ ಯುದ್ಧಕಾಲದ ಮಾಹಿತಿ ನಿರ್ವಹಣೆ. ಇಂದಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಇದರ ಪರಿಣಾಮವನ್ನು ಹತ್ತಿರದಿಂದ ಕಂಡದ್ದು 1948ರ ಸೆಪ್ಟೆಂಬರಿನಲ್ಲಿ, ಭಾರತೀಯ ಸೇನೆ ನಿಜಾಮನ ಹೈದರಾಬಾದ್ ಸಂಸ್ಥಾನದೊಳಕ್ಕೆ ನುಗ್ಗಿದಾಗ.

ಸೇನೆಯ ಕಡತಗಳಲ್ಲಿ ಈ ದಾಳಿಗೆ ‘ಆಪರೇಷನ್ ಪೋಲೋ’ ಎಂಬ ಸಂಕೇತನಾಮವಿತ್ತು. ಹೊರಜಗತ್ತಿಗೆ ತಿಳಿಸಿದ್ದು ‘ಪೊಲೀಸ್ ಕಾರ್ಯಾಚರಣೆ’ ಎಂದು. ಟ್ಯಾಂಕುಗಳ ಡಿವಿಜನ್ ಒಂದು ಮುಂಚೂಣಿಯಲ್ಲಿದ್ದ ದಂಡಯಾತ್ರೆಗೆ ಈ ಹೆಸರು ಒಪ್ಪುವಂಥದ್ದಲ್ಲವಾದರೂ ಅದರ ಹಿಂದೆ ಲೆಕ್ಕಾಚಾರವಿತ್ತು. ಹೈದರಾಬಾದ್ ಸರಕಾರ ಆಗಸ್ಟ್‌ನಲ್ಲಿಯೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿದ್ದರಿಂದ, ಇದು ಎರಡು ದೇಶಗಳ ನಡುವಣ ಯುದ್ಧವಲ್ಲ, ರಜಾಕಾರರ ಹಾವಳಿಯನ್ನು ಅಡಗಿಸಿ ಶಾಂತಿ ಸ್ಥಾಪಿಸುವ ಆಂತರಿಕ ಕ್ರಮ ಎಂದು ಸಾಧಿಸುವುದು ದೆಹಲಿಗೆ ಅಗತ್ಯವಾಗಿತ್ತು. ರಜಾಕಾರರೆಂದರೆ ಕಾಸಿಂ ರಜ್ವಿಯ ನಾಯಕತ್ವದ ಖಾಸಗಿ ಸಶಸ್ತ್ರ ಪಡೆ. ಮಂಡಳಿ ಪ್ಯಾರಿಸ್ಸಿನಲ್ಲಿ ದೂರನ್ನು ಕೈಗೆತ್ತಿಕೊಂಡ ಸೆಪ್ಟೆಂಬರ್ 16ರ ಹೊತ್ತಿಗೆ ಹೋರಾಟ ಮುಗಿಯುತ್ತ ಬಂದಿತ್ತು.

ಗೋಪ್ಯತೆಯ ಫಲ ನೇರವಾಗಿ ಕಂಡದ್ದು ಆಳಂದದ ವಾಯವ್ಯಕ್ಕಿರುವ ನಳದುರ್ಗದಲ್ಲಿ. ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಪಡೆ ಸೊಲ್ಲಾಪುರದ ಕಡೆಯಿಂದ ಹೊರಟಾಗ ಎದುರಾಳಿಗಳು ಇನ್ನೂ ಸಜ್ಜಾಗಿರಲಿಲ್ಲ. ಬೋರಿ ಹೊಳೆಯ ಸೇತುವೆಯನ್ನು ಅವರು ಸಿಡಿಸುವ ಮೊದಲೇ ಅದು ಕೈವಶವಾಗಿ, ಉಮರ್ಗಾ, ಹುಮನಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಹೆದ್ದಾರಿ ತೆರೆದುಕೊಂಡಿತು.

ಸಂಸ್ಥಾನದ ಒಳಗೆ ಸುದ್ದಿಯ ಪಾಡೇ ಬೇರೆಯಾಗಿತ್ತು. ರಜಾಕಾರರನ್ನು ಖಂಡಿಸಿ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಆ ಆಗಸ್ಟ್‌ನಲ್ಲಿ ಕೊಲೆಯಾದರು. ಆಡಳಿತ ಭಾಷೆ ಉರ್ದುವಾಗಿದ್ದ ರಾಜ್ಯದಲ್ಲಿ ಕನ್ನಡ ಮಾತಾಡುವ ಹಳ್ಳಿಗರಿಗೆ ಸರಕಾರಿ ಪ್ರಕಟಣೆಗಿಂತ, ಬಿಜಾಪುರ ಮತ್ತು ಸೊಲ್ಲಾಪುರ ಜಿಲ್ಲೆಗಳ ಗಡಿಶಿಬಿರಗಳಿಗೆ ಹೋಗಿಬರುತ್ತಿದ್ದ ನಿಜಾಮನ ಆಡಳಿತವನ್ನು ವಿರೋಧಿಸುತ್ತಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಾರ್ಯಕರ್ತರ ಬಾಯಿಮಾತೇ ಹೆಚ್ಚು ಹತ್ತಿರದ್ದು. ಭೀಮಾ ನದಿಯ ಎರಡೂ ದಡಗಳ ಈ ಮೂರು ತಾಲೂಕುಗಳ ಸೀಮೆ ಗಡಿಗೆ ಅಂಟಿಕೊಂಡಿದ್ದುದೇ ಅದಕ್ಕೆ ಅನುಕೂಲವಾಯಿತು. ವದಂತಿಯೂ ಅದೇ ದಾರಿಯಲ್ಲಿ ಬರುತ್ತಿತ್ತೆನ್ನುವುದನ್ನು ಮರೆಯುವಂತಿಲ್ಲ.

ಯುದ್ಧವನ್ನು ನಿಲ್ಲಿಸಿದ್ದು ಬಾನುಲಿ. ಸೆಪ್ಟೆಂಬರ್ 17ರ ಸಂಜೆ ನಿಜಾಮ ಅದರ ಮೂಲಕ ಕದನವಿರಾಮ ಘೋಷಿಸಿದನು. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು. 22ರಂದು ಭದ್ರತಾ ಮಂಡಳಿಗೆ ದೂರು ಹಿಂತೆಗೆದುಕೊಳ್ಳುವ ತಂತಿ ಹೋಯಿತು.

ಇಲ್ಲಿಗೆ ಕಾಳಗ ಮುಗಿದರೂ ಮಾಹಿತಿಯ ಮೇಲಿನ ಹಿಡಿತ ಸಡಿಲಲಿಲ್ಲ. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅನಂತರ ಮುಸ್ಲಿಮರ ಮೇಲೆ ನಡೆದ ಹಿಂಸಾಚಾರವನ್ನು ಪರಿಶೀಲಿಸಲು ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿ, ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ (ಇಂದಿನ ಕಲಬುರಗಿ) ಹೆಸರಿಸಿತು. ರಜಾಕಾರರ ದೌರ್ಜನ್ಯ ಅಧಿಕೃತ ಪ್ರಕಟಣೆಗಳಲ್ಲಿ ವಿವರವಾಗಿ ದಾಖಲಾದರೆ, ಈ ವರದಿಯನ್ನು ಸರಕಾರ ಪ್ರಕಟಿಸಲೇ ಇಲ್ಲ. ಬಹುಕಾಲ ಬಿಡಿ ಭಾಗಗಳಷ್ಟೇ ಹೊರಬಿದ್ದಿದ್ದ ಅದು ಸಾಮಾನ್ಯ ಓದುಗರ ಕೈಗೆ ಸಿಕ್ಕಿದ್ದು 2013ರ ಸುಮಾರಿಗೆ.