ಪ್ರಶಿಕ್ಷಣಾರ್ಥಿಯ ಬೆನ್ನು ತಟ್ಟಿದವರು

ಶಿಕ್ಷಕ ವೃತ್ತಿಗೆ ಬರುವವರಿಗೆ ಹುರುಪು ತುಂಬುವ ಕೆಲಸ ಮುಂಬಯಿ ಕರ್ನಾಟಕದಲ್ಲಿ ಹಣದಿಂದ ಶುರುವಾಯಿತು. 1854ರ ವುಡ್ಸ್ ಡಿಸ್ಪ್ಯಾಚ್ ಎಂಬ ಶಿಕ್ಷಣ ಆದೇಶಪತ್ರ ನಾರ್ಮಲ್ ಶಾಲೆಗಳನ್ನು, ಅಂದರೆ ಶಿಕ್ಷಕರ ತರಬೇತಿ ಶಾಲೆಗಳನ್ನು, ತೆರೆಯಬೇಕೆಂದು ಸೂಚಿಸಿತು. ಕಲಿಯುವಾಗ ವಿದ್ಯಾರ್ಥಿವೇತನ, ಮುಗಿದಾಗ ಪ್ರಮಾಣಪತ್ರ, ಆಮೇಲೆ ಶಾಲೆಯಲ್ಲಿ ಸಂಬಳದ ಕೆಲಸ, ಇವೇ ಅದು ಒಡ್ಡಿದ ಆಸೆಗಳು. ಊರವರು ಕೊಟ್ಟ ಕಾಳುಕಡಿಯನ್ನೇ ನಂಬಿದ್ದ ಗಾಂವಠಿ ಶಾಲೆಯ ಅಯ್ಯನಿಗೆ ಹೋಲಿಸಿದರೆ ತಿಂಗಳ ಸಂಬಳದ ಮಾಸ್ತರಿಕೆ ದೊಡ್ಡ ಬದಲಾವಣೆಯೇ.

ಹಣವೊಂದೇ ಸಾಲುತ್ತಿರಲಿಲ್ಲ. ಧಾರವಾಡ ಸೀಮೆಯ ಶಾಲೆಗಳಲ್ಲಿ ಮರಾಠಿಯ ಬಲ ಹೆಚ್ಚಿತ್ತು, ಕನ್ನಡದಲ್ಲಿ ಕಲಿಸಬಲ್ಲವರು ಕಡಿಮೆಯಿದ್ದರು. 1860ರ ದಶಕದ ಆರಂಭದಲ್ಲಿ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾದ ಡೆಪ್ಯುಟಿ ಚನ್ನಬಸಪ್ಪನವರು (1834–1881) ಹುಡುಗರನ್ನು ಕನ್ನಡ ಮಾಸ್ತರಿಕೆಗೆ ಒಲಿಸಿದರು. ಶಿಕ್ಷಣ ಇಲಾಖೆ 1865ರಲ್ಲಿ ಆರಂಭಿಸಿದ ‘ಮಠಪತ್ರಿಕೆ’ಯ ಗುರಿಯೂ ಇಂಥದ್ದೇ. ತರಬೇತಿ ಮುಗಿಸಿ ದೂರದ ಹಳ್ಳಿಗೆ ಹೋದ ಮಾಸ್ತರನಿಗೆ ತನ್ನಂಥವರು ಬೇರೆಡೆಯೂ ಇದ್ದಾರೆಂದು ತಿಳಿಸುತ್ತಿದ್ದುದು ಆ ಪತ್ರಿಕೆ. ಅದೇ ಮುಂದೆ ‘ಜೀವನ ಶಿಕ್ಷಣ’ವಾಯಿತು. ತರಬೇತಿಯ ಕೊನೆಯ ದಿನ ಹೇಳುವ ನಾಲ್ಕು ಒಳ್ಳೆಯ ಮಾತುಗಳಿಗಿಂತ ತಿಂಗಳು ತಿಂಗಳು ಕೈಸೇರುವ ಪತ್ರಿಕೆ ಹೆಚ್ಚು ಕಾಲ ಜೊತೆಗಿರುತ್ತದೆ.

ಧಾರವಾಡದ ನೆರೆಯ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಹಳಿಯಾಳ, ಸೂಪಾ, ಮುಂಡಗೋಡಗಳ ಶಾಲೆಗಳೂ ಮುಂಬಯಿ ಶಿಕ್ಷಣ ಇಲಾಖೆಯ ಆಡಳಿತಕ್ಕೆ ಒಳಪಟ್ಟವು.

ತರಬೇತಿಯ ಒಳಗಿನ ವಾತಾವರಣ ಮಾತ್ರ ಬಹುಕಾಲ ಕಟ್ಟುನಿಟ್ಟಾಗಿಯೇ ಇತ್ತು. ಪೀಠಿಕೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಹರ್ಬಾರ್ಟ್ ಪಂಥದ ಐದು ಹಂತಗಳು ಪಾಠ ಯೋಜನೆಯ ಅಚ್ಚಾಗಿದ್ದವು. ಕೊನೆಗೆ ವಿಮರ್ಶಾ ಪಾಠ: ಒಬ್ಬ ಕಲಿಸುತ್ತಾನೆ, ಜೊತೆಗಾರರೂ ಅಧ್ಯಾಪಕರೂ ಹಿಂದಿನ ಬೆಂಚುಗಳಲ್ಲಿ ಕೂತು ತಪ್ಪು ಬರೆದುಕೊಳ್ಳುತ್ತಾರೆ. ಪಾಠ ವೀಕ್ಷಣೆಯ ವಹಿಯಲ್ಲಿ ‘ಕಪ್ಪುಹಲಗೆ ಬಳಕೆ ಸಾಲದು’, ‘ಪ್ರಶ್ನೆಗಳು ಸ್ಪಷ್ಟವಿಲ್ಲ’ ಎಂಬಂಥ ಷರಾಗಳೇ ಹೆಚ್ಚು. ಮೆಚ್ಚುಗೆ ಬಂದರೂ ‘ಉತ್ತಮ ಪ್ರಯತ್ನ’ ಎಂಬಲ್ಲಿಗೆ ಮುಗಿಯುತ್ತಿತ್ತು. ಏನು ಉತ್ತಮ ಎಂದು ಹೇಳದ ಆ ಹೊಗಳಿಕೆಯಿಂದ ಕಲಿಯಲು ಹೆಚ್ಚೇನೂ ಇರಲಿಲ್ಲ. 1937ರ ವಾರ್ಧಾ ಯೋಜನೆಯ ಮೂಲ ಶಿಕ್ಷಣ ನೂಲುವಿಕೆ, ತೋಟಗಾರಿಕೆಗಳನ್ನು ತಂದು ಈ ಬಿಗುವನ್ನು ಸ್ವಲ್ಪ ಸಡಿಲಿಸಿತು. 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಸೂಕ್ಷ್ಮ ಬೋಧನೆ ಮುಂದೆ ಬಿ.ಎಡ್. ಕಾಲೇಜುಗಳಿಗೂ ಬಂತು. ಒಂದು ಸಲಕ್ಕೆ ಒಂದೇ ಕೌಶಲ, ಕೆಲವೇ ನಿಮಿಷದ ಪಾಠ, ತಕ್ಷಣ ಹಿಮ್ಮಾಹಿತಿ, ಮತ್ತೆ ಪಾಠ. ತಪ್ಪಿದವನಿಗೆ ಅಲ್ಲೇ ತಿದ್ದಿಕೊಳ್ಳುವ ಅವಕಾಶ ಸಿಕ್ಕಿದ್ದು ಇದರಿಂದ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲಾ ಒಡನಾಟ 20 ವಾರಕ್ಕೆ ಏರಿತು. ಬಿಡಿ ಪಾಠಗಳನ್ನು ಲೆಕ್ಕಕ್ಕೆ ತುಂಬಿಸಿ ಮರಳುತ್ತಿದ್ದವರು ಈಗ ಪ್ರಾರ್ಥನೆ, ಹಾಜರಿ, ಬಿಸಿಯೂಟ, ಪಾಲಕರ ಸಭೆಗಳಲ್ಲೂ ಶಾಲೆಯವರೇ ಆಗಿರಬೇಕು. ಹೀಗಾಗಿ ಅವಧಿಯ ಕೊನೆಯಲ್ಲಿ ಮಾತಾಡುವ ಹಕ್ಕು ಕಾಲೇಜಿನ ವೀಕ್ಷಕರಿಗಿಂತ ಹೆಚ್ಚಾಗಿ ಜೊತೆಗಿದ್ದ ಮಾರ್ಗದರ್ಶಿ ಶಿಕ್ಷಕರಿಗೂ ಮಕ್ಕಳಿಗೂ ಸೇರಿತು.

ದಾಂಡೇಲಿ ಪಕ್ಕದ ಕೋಗಿಲಬನ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದಲ್ಲಿ ಈ ಬದಲಾವಣೆಗೆ ಬೇರೆಯೇ ತೂಕವಿದೆ. ಇಲ್ಲಿನ ಶಾಲೆಗಳು ಸಿರ್ಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ತರಗತಿಯಲ್ಲಿ ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ, ಅವರಲ್ಲಿ ಸಿದ್ದಿ, ಗೌಳಿ, ಕುಣಬಿ ಮನೆಗಳವರೂ ಇದ್ದಾರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಿಂದಾಗಿ ದಾಂಡೇಲಿಗೆ ನಾನಾ ಕಡೆಯ ಕುಟುಂಬಗಳು ಬಂದು ನೆಲೆಸಿದವು. ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕಲಿಯುತ್ತಾರೆ. ಕಾಲೇಜಿನಲ್ಲಿ ಬರೆದ ಪಾಠ ಯೋಜನೆ ಇಂಥ ಕೋಣೆಯಲ್ಲಿ ಮೊದಲ ವಾರವೇ ಕುಸಿದರೆ ಅದು ಪ್ರಶಿಕ್ಷಣಾರ್ಥಿಯ ಸೋಲಲ್ಲ. ಮಗುವಿನ ಮನೆಮಾತಿನ ನಾಲ್ಕು ಶಬ್ದ ಕಲಿತು ಕನ್ನಡಕ್ಕೆ ದಾರಿ ಮಾಡಿಕೊಟ್ಟದ್ದನ್ನು ಗುರುತಿಸಿ ಹೇಳುವ ಮುಖ್ಯೋಪಾಧ್ಯಾಯರು ಇಲ್ಲಿ ಅಂಕಕ್ಕಿಂತ ಹೆಚ್ಚಿನದನ್ನು ಕೊಡುತ್ತಾರೆ.

ಶಾಲಾ ಒಡನಾಟದ ಸಮಾರೋಪದ ದಿನ ಹಾಡು, ಆಟ, ನೆನಪಿನ ಕಾಣಿಕೆ, ಮಕ್ಕಳ ಅನಿಸಿಕೆ ಎಲ್ಲ ನಡೆಯುತ್ತವೆ. ಕೆಲವು ಕಡೆ ಭಾಷಣಗಳೇ ಅರ್ಧ ದಿನ ನುಂಗುತ್ತವೆ. ಆದರೆ ಆ ದಿನ ಕಳೆದ ಮೇಲೆ, ವುಡ್ಸ್ ಡಿಸ್ಪ್ಯಾಚ್ ಕೊಟ್ಟಿದ್ದ ಉದ್ಯೋಗದ ಭರವಸೆಯಂತೂ ಈಗ ಇಲ್ಲ. 2010ರಿಂದ ಒಂದರಿಂದ ಎಂಟನೆಯ ತರಗತಿಗಳಿಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆ ಕಡ್ಡಾಯ, ಅದಾದ ಮೇಲೂ ನೇಮಕಾತಿಯ ಕಾಯುವಿಕೆ ಇದೆ. ಆ ನಡುವೆ ಹಲವರು ಅತಿಥಿ ಶಿಕ್ಷಕರಾಗಿ ಕಡಿಮೆ ಗೌರವಧನಕ್ಕೆ ಕೆಲಸ ಶುರುಮಾಡುತ್ತಾರೆ.