ಪದ ಪರಿಚಯ: ಹಂಚು

ಹಂಚು (ಕ್ರಿಯಾಪದ): ಪಾಲು ಮಾಡು, ಭಾಗ ಮಾಡಿ ಕೊಡು.

ಮೊಬೈಲಿನಲ್ಲಿ ಮಾತೆತ್ತಿದರೆ ‘ಹಂಚಿಕೊಳ್ಳಿ’. ಇಂಡಿ, ಸಿಂದಗಿ ಕಡೆ ‘ಅಣ್ಣತಮ್ಮರು ಹೊಲ ಹಂಚಿಕೊಂಡ್ರು’ ಎಂದರೆ ಮನೆ ಒಡೆಯಿತು ಎಂದೇ ಲೆಕ್ಕ. ಹಂಚಿದಷ್ಟೂ ಕೈಯಲ್ಲಿದ್ದದ್ದು ಕಡಿಮೆಯಾಗಬೇಕು. ಮೊಬೈಲಿನ ಫೋಟೊ ಹಾಗಲ್ಲ, ಕೊಟ್ಟ ಮೇಲೂ ನಮ್ಮಲ್ಲೇ ಇರುತ್ತದೆ. ನಾವು ಮಾಡುವುದು ನಕಲು ಕಳಿಸುವ ಕೆಲಸ.

ಪದದ ಹಳೆಯ ರೂಪ ‘ಪಂಚು’, ಪಕಾರ ಹಕಾರವಾಯಿತು. ಸೀಳು, ಬೇರೆಯಾಗು ಎಂಬರ್ಥದ ‘ಪಗು’ ಇದರ ಬಳಗ, ಹಳಗನ್ನಡದ ‘ಪಸುಗೆ’ಯೂ ಅದೇ ಬಳ್ಳಿಯದು. ತೆಲುಗಿನಲ್ಲಿ ‘ಪಂಚು’, ತಮಿಳಿನಲ್ಲಿ ‘ಪಗಿರ್’. ‘ಹಂಚಿಕೆ’ಗೆ ಉಪಾಯ ಎಂಬ ಅರ್ಥವೂ ಉಂಟು. ಬಸವನ ಬಾಗೇವಾಡಿಯಲ್ಲಿ ಯಾರಾದರೂ ‘ಹಂಚಿಕಿ ಹಾಕ್ಯಾನ’ ಎಂದರೆ ತುಸು ಹುಷಾರಾಗಿರುವುದು ಒಳ್ಳೆಯದು.

ಭಾಗ ಮಾಡಿ ಕೊಡು ಎಂಬ ಹಳೆಯ ಅರ್ಥ ಕೂರುವ ಜಾಗ ಬ್ರೌಸರಿನೊಳಗೇ ಇದೆ. ಗೂಗಲ್ 2011ರಲ್ಲಿ ಮುಕ್ತಗೊಳಿಸಿದ ವೆಬ್‌ಆರ್‌ಟಿಸಿ ತಂತ್ರಕ್ಕೆ 2021ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಮಾನ್ಯತೆ ಕೊಟ್ಟಿತು. ಇದರಲ್ಲಿ ಇಬ್ಬರ ಬ್ರೌಸರುಗಳನ್ನು ಭೇಟಿ ಮಾಡಿಸಲು ನಡುವೆ ಒಂದು ಸರ್ವರ್ ಬೇಕು. ಆಮೇಲೆ ಮಾತು, ಫೈಲು ಸಾಮಾನ್ಯವಾಗಿ ನೇರವಾಗಿಯೇ ಹೋಗುತ್ತವೆ. ಇದರ ಮೇಲೆ ಕಟ್ಟಿದ ವೆಬ್‌ಟೊರೆಂಟ್‌ನಲ್ಲಂತೂ ಫೈಲು ಚೂರುಚೂರಾಗುತ್ತದೆ. ಒಂದು ಚೂರು ಸಿಕ್ಕವನು ಪೂರ್ತಿ ಬರುವವರೆಗೆ ಕಾಯದೆ ಅದನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ಇಲ್ಲೂ ಹೋಗುವುದು ನಕಲೇ, ಆದರೂ ಭಾಗ ಮಾಡಿ ಕೊಡುವುದರಿಂದ ಇದಕ್ಕೆ ಹಂಚುವುದು ಎನ್ನಲು ನನ್ನ ತಕರಾರಿಲ್ಲ.

ಅಂದಹಾಗೆ, ಮುದ್ದೇಬಿಹಾಳದ ಒಲೆಯ ಮೇಲೆ ಜೋಳದ ರೊಟ್ಟಿ ಬೇಯುವ ಹಂಚು ಬೇರೆಯೇ ಪದ. ಚಾವಣಿಗೆ ಹೊದಿಸುವ ಹಂಚಿನ ನೆಂಟ.